ಒಂಟಿ ಕಿವಿಯ ಕತ್ತೆ

ಚಿಯಾತುರಾದಲ್ಲಿ ಮನೆಗೆ ಹೋಗಬೇಕೆಂದರೆ
ತಂತಿಗೆ ಜೋತುಬಿದ್ದ ಡಬ್ಬಿಯೊಳಗೆ ನಿಲ್ಲಬೇಕು.
ಕೆಳಗೆ ಮ್ಯಾಂಗನೀಸ್ ತೊಳೆದು ತೊಳೆದು ಕಪ್ಪಾದ ಹೊಳೆ,
ಮೇಲೆ ಬಂಡೆಯ ಅಂಚಿಗೆ ಬಂದು ನಿಂತ ಮನೆಗಳು.
ಒಂದು ವರ್ಷ ಎಂಟು ತಿಂಗಳ ತೇಕ್ಲೆಗೆ
ಆ ತೂಗಾಟ ತೊಟ್ಟಿಲಿನದೇ ಮುಂದುವರಿಕೆ.

ಕಂಕುಳಲ್ಲಿ ಒಂದು ಕತ್ತೆ.
ಅಜ್ಜಿ ಸಿಯಾಲಾ, ತೀರಿಕೊಂಡ ಗಂಡನ ಕೋಟು ಬಿಚ್ಚಿ
ಒಂದು ತೋಳಿನಲ್ಲಿ ಹೊಲಿದದ್ದು.
ಕಣ್ಣಿಗೆ ಅದೇ ಕೋಟಿನ ಗುಂಡಿ:
ಒಂದು ಕಂದು, ಇನ್ನೊಂದು ಅದಕ್ಕಿಂತ ಸ್ವಲ್ಪ ಕಂದು.
ಎಡಗಿವಿಯನ್ನು, ಹಲ್ಲು ಬರುವ ಕಾಲದಲ್ಲಿ,
ತೇಕ್ಲೆಯೇ ಜಗಿದು ಮುಗಿಸಿದಳು.

ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎನ್ನುತ್ತೇವಲ್ಲ,
ಕಸ್ತೂರಿಗೇನು ಗೊತ್ತು ಈ ಕತ್ತೆಯದು!
ಹುಳಿಮೊಸರು, ನಿದ್ದೆಯ ಜೊಲ್ಲು,
ಸತ್ತವನ ತಂಬಾಕು, ಇನ್ನೂ ಆರದೆ.
ಒಗೆದು ಹಾಕಿದ ದಿನ ಹಗ್ಗದ ಕೆಳಗೆ ಕೂತು
ತೊಟ್ಟಿಕ್ಕಿದ ಹನಿ ಹನಿಗೂ ಅತ್ತಿದ್ದಳು.

ಮೊದಲ ಮಾತು ಮಾಮ.
ನಮ್ಮಲ್ಲಾದರೆ ಅಮ್ಮನ ತಮ್ಮ ಓಡಿಬರಬೇಕಿತ್ತು,
ಇಲ್ಲಿ ಬೂಟು ಬಿಚ್ಚುತ್ತಿದ್ದ ಅಪ್ಪ ಮಲ್ಖಾಜ್
ಗಣಿಯ ಮಸಿ ಮೆತ್ತಿದ ಮುಖವನ್ನು ತಿರುಗಿಸಿದ.
ಅಮ್ಮನಿಗೆ ದೇದಾ.
ಕತ್ತೆಗೆ ಇಲ್ಲಿಯವರು ವಿರಿ ಎನ್ನುತ್ತಾರೆ;
ರಕಾರ ನಾಲಗೆಗೆ ಹತ್ತದೆ, ಅವಳಿಗದು ವಿಯಿ.

ವಿಯಿ ಎಂದರೆ ಕತ್ತೆ.
ವಿಯಿ ಎಂದರೆ ಎತ್ತಿಕೋ, ದೀಪ ಆರಿಸಬೇಡ,
ರೊಟ್ಟಿಯ ಸುಟ್ಟ ಅಂಚು ನನಗಿರಲಿ.
ಪಕ್ಕದ ಮನೆಯ ನಾಯಿ ವಿಯಿ.
ಚಂದ್ರನಿಗೂ ಒಂದು ರಾತ್ರಿಯ ಮಟ್ಟಿಗೆ ಆ ಹೆಸರು ಸಿಕ್ಕಿತ್ತು.

ಮಾರ್ಚಿಯ ಒಂದು ಬೆಳಿಗ್ಗೆ, ನಡುಕಣಿವೆಯಲ್ಲಿ,
ಅರೆತೆರೆದ ಕಿಟಕಿಯಿಂದ
ಕತ್ತೆಗೆ ಹೊಳೆ ತೋರಿಸಲು ಹೋದಳು.

ಡಬ್ಬಿಯ ಉಸ್ತುವಾರಿ ಇರ್ಮಾಳದೇ, ತೇಕ್ಲೆಯ ಅಮ್ಮನದು.
ಗಣಿಯ ದೊಡ್ಡ ಸಾಹೇಬರ ಟೋಪಿ ಹಾರಿಹೋದಾಗ
ಕಣ್ಣು ಮಿಟುಕಿಸದವಳು
ಫೋನೆತ್ತಿ, ನಿಲ್ಲಿಸಿ, ಎಂದಳು.
ಹನ್ನೊಂದು ಜನ, ಒಂದು ಕೋಳಿ, ಒಂದು ಚೀಲ ಆಲೂಗಡ್ಡೆ
ಆಕಾಶದಲ್ಲಿ ನಿಂತು ನೋಡಿದರು:
ಕಪ್ಪು ನೀರಿನಲ್ಲಿ ಒಂದು ತೋಳು,
ಯಾರೋ ಒಳಗಿನಿಂದ ಕೈ ಬೀಸಿದ ಹಾಗೆ,
ತಿರುವಿನವರೆಗೆ.
ಕೆಲಸಕ್ಕೆ ತಡವಾಯಿತೆಂದು ಯಾರೂ ಅನ್ನಲಿಲ್ಲ.
ಕೋಳಿಯ ಯಜಮಾನ ಟೋಪಿ ತೆಗೆದಿದ್ದ.

ತೇಕ್ಲೆ ಅಳಲಿಲ್ಲ. ಅದೇ ಭಯ ಎಲ್ಲರಿಗೂ.

ಉಳಿದ ತೋಳಿನಲ್ಲಿ ಅಜ್ಜಿ ಇನ್ನೊಂದು ಹೊಲಿದಳು
ಎರಡು ರಾತ್ರಿಯಲ್ಲಿ, ಕಣ್ಣು ಕೈಕೊಟ್ಟರೂ.
ಎರಡೂ ಕಿವಿ ಇದ್ದವು. ಕೋಟಿನ ಗುಂಡಿ ಮುಗಿದಿರಲಿಲ್ಲ.
ತೇಕ್ಲೆ ಅದನ್ನು ಮೂಸಿದಳು,
ನೆಲದ ಮೇಲೆ ಮಲಗಿಸಿದಳು,
ಟವೆಲ್ ಹೊದಿಸಿದಳು,
ಬಂದ ನೆಂಟರಿಗೆ ಮಾಡುವಷ್ಟು ಮರ್ಯಾದೆಯಿಂದ.
ವಿಯಿ ಎನ್ನುವ ಮಾತನ್ನೇ ಬಿಟ್ಟಳು.
ಬೇಕಾದ್ದನ್ನೆಲ್ಲ ಬೆರಳಿನಿಂದ ಕೇಳಿದಳು.

ಹಿಮ ಕರಗಿದ ವಾರ, ಊಟದ ಹೊತ್ತಿಗೆ, ಮಲ್ಖಾಜ್
ಉಪ್ಪು ಕೇಳುವ ದನಿಯಲ್ಲೇ ಹೇಳಿದ:
ಕ್ವಿರಿಲಾ ಏರಿದೆ.

ಮಗು ಕುರ್ಚಿಯ ಮೇಲೆದ್ದು ನಿಂತಳು.
ವಿರಿ!
ರಕಾರ ಸಮೇತ, ಸ್ಪಷ್ಟ, ದೊಡ್ಡವರ ಹಾಗೆ.

ಅಜ್ಜಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು.
ಆ ಹೊಳೆಯಲ್ಲಿ ಬಟ್ಟೆ ಒಗೆದವಳು, ಹೊಳೆಯನ್ನು ಬೈದವಳು,
ಅರವತ್ತು ವರ್ಷ ಅದರ ಹೆಸರು ಹೇಳಿದವಳು;
ನಡುವೆ ಒಂದು ಕತ್ತೆ ನಿಂತಿದೆಯೆಂದು
ಕಿವಿಗೆ ಬಿದ್ದಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಮುಚ್ಚಿದ ಗಾಜಿಗೆ ಬಾಯಿಟ್ಟು,
ಆವಿ ಕಟ್ಟಿಸಿ, ಕೆಳಗೆ ನೋಡಿ ಹೇಳುತ್ತಾಳೆ:
ವಿರಿ, ಆಕ್.
ಕತ್ತೆ, ಇಲ್ಲಿ.
ಎರಡು ಪದ ಸೇರಿಸಿದ ಅವಳ ಮೊದಲ ವಾಕ್ಯ.
ಕತ್ತೆ ಇಲ್ಲಿದೆ ಎಂದೋ, ಕತ್ತೆಯೇ ಇಲ್ಲಿ ಬಾ ಎಂದೋ,
ಇರ್ಮಾ ಕೇಳುವುದಿಲ್ಲ. ಬಾಗಿಲ ಚಿಲಕ ನೋಡುತ್ತಾಳೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ
ಸಿಯಾಲಾ ಟವೆಲ್ ಸರಿಸಿ
ಹೊಸ ಕತ್ತೆಯ ಎಡಗಿವಿ ಮುಟ್ಟಿ ನೋಡುತ್ತಾಳೆ,
ಒದ್ದೆಯಾಗಿದೆಯೇ ಎಂದು.
ಇನ್ನೂ ಒಣಗಿಯೇ ಇದೆ.