ಸರಿಹೋಯಿತು, ಧನ್ಯವಾದ

ಟಾಂಪೆರೆಯ ಹಳೆ ಹತ್ತಿಗಿರಣಿಯ ನೆಲಮಾಳಿಗೆಯಲ್ಲಿ
ನಮ್ಮ ವಾಲ್ವ್ ರೇಡಿಯೊ ಸಂಘ.
ಗುರುವಾರ ಗುರುವಾರ ಏಳೆಂಟು ಜನ,
ಬೆಸುಗೆಯ ಹೊಗೆ, ಕರಿಹಿಡಿದ ಕಾಫಿ ಕೆಟಲು,
ಗೋಡೆಯುದ್ದಕ್ಕೂ ಅರವತ್ತು ಡ್ರಾಯರು.
ಯಾರೋ ಎಂದೋ ಕೇಳಿದ್ದು,
ಯಾರೋ ಅದಕ್ಕೆ ಹೇಳಿದ್ದು,
ಒಂದೊಂದಕ್ಕೆ ಒಂದೊಂದು ಚೀಟಿ.
ಐವತ್ತು ವರ್ಷದ ಚೀಟಿ.

ನವೆಂಬರಿನಲ್ಲಿ, ಮೂರೂವರೆಗೇ ಕತ್ತಲಾದ ಒಂದು ದಿನ
ನಾನು ಕೇಳಿದೆ:
"ನನ್ನ ರೇಡಿಯೊ ಗುಂಯ್‌ಗುಡುತ್ತದೆ, ಯಾರಿಗಾದರೂ ಗೊತ್ತೇ?"
ಯಾರೂ ತಲೆಯೆತ್ತಲಿಲ್ಲ.
ಔಲಿಕ್ಕಿ ಮಾತ್ರ, ಎಂಬತ್ತೊಂದರ ಔಲಿಕ್ಕಿ,
ಕನ್ನಡಕ ಹಣೆಗೇರಿಸಿ
"ಹುಡುಕಿದೆಯಾ?" ಎಂದಳು.
ಈ ಸಂಘದಲ್ಲಿ ನಮಸ್ಕಾರದ ಬದಲು ಅದೇ.

"ರೇಡಿಯೊ" ಎಂಬ ಡ್ರಾಯರು ಎಳೆದೆ.
ನಕ್ಕಳು. "ಮೀನಿನಂಗಡಿಗೆ ಹೋಗಿ
ಮೀನು ಎಲ್ಲಿ ಅಂತ ಕೇಳುತ್ತೀಯಾ?"
"ತೊಂದರೆ" ಎಳೆದೆ.
ಎರಡು ಡ್ರಾಯರು ಬಿರಿಯುವಷ್ಟು ತೊಂದರೆ.
ಲೋಕದಲ್ಲಿ ಅದಕ್ಕೆಂದು ಬರ ಬಂದಿದೆ?

"ನಿನ್ನ ಮಾತು ಬಿಡು, ಟೊರ್ಸ್ಟಿ.
ನಿನಗಿಂತ ಮುಂಚೆ ಇದೇ ಸದ್ದಿಗೆ ನಿದ್ದೆಗೆಟ್ಟವನು
ಅದನ್ನು ಏನೆಂದು ಕರೆದಿರಬಹುದು?
ಅವನ ಬಾಯಲ್ಲಿ ಹುಡುಕು."

ಗುಂಯ್ ಅಂದವರಿದ್ದರು. ಝುಂ ಅಂದವರಿದ್ದರು.
ಫ್ರಿಜ್ಜಿನೊಳಗೆ ದುಂಬಿ, ಎಂದು ಬರೆದವನೊಬ್ಬ.
ಕರೇಲಿಯಾ ಕಡೆಯ ಮುದುಕನೊಬ್ಬ 'ಹುಮಿನಾ' ಅಂದಿದ್ದ.
ಪೈನ್ ಕಾಡಿಗೆ ಗಾಳಿ ಹೊಕ್ಕಾಗಿನ ಸದ್ದಿಗೆ
ನಮ್ಮಲ್ಲಿ ಇರುವ ಮಾತು.
ಆ ಚೀಟಿ ಹಿಡಿದು ನನ್ನ ರೇಡಿಯೊ ಮರೆತು ಕೂತೆ, ಸ್ವಲ್ಪ ಹೊತ್ತು.

ಕೆಪ್ಯಾಸಿಟರ್ ಎಂಬುದನ್ನು ಆರು ಬಗೆಯಲ್ಲಿ ಬರೆದಿದ್ದರು,
ಐದು ತಪ್ಪು.
ಆ ತಪ್ಪು ಕಾಗುಣಿತದ ಚೀಟಿಗಳೇ
ಹೆಚ್ಚು ನಂಬುವಂತಿದ್ದವು:
ನಡುರಾತ್ರಿ, ಒಂದು ಕೈಯಲ್ಲಿ ಇಕ್ಕುಳ ಹಿಡಿದೇ ಬರೆದವು.
ಬದಲಿಸು, ಎಂದಿದ್ದರು ಎಲ್ಲರೂ.
ಬದಲಿಸಿದ್ದೆ. ಎರಡು ಸಲ.

ಮೂರನೆಯ ಗುರುವಾರ ಸಿಕ್ಕಿತು.
ಅದೇ ಮಾದರಿ. ಬೆಚ್ಚಗಾದ ಮೇಲೆ ಮಾತ್ರ ಏಳುವ ಅದೇ ಗುಂಯ್.
ಅದೇ ಹೊಸ ಕೆಪ್ಯಾಸಿಟರು, ಅದೇ ಬಯ್ಗುಳ.
ಚೀಟಿ ತಿರುಗಿಸಿದೆ.
ಹಿಂದೆ ಒಂದೇ ಸಾಲು:
"ಸರಿಹೋಯಿತು, ಧನ್ಯವಾದ."

ಹೇಗೆ?
ಅಯ್ಯಾ ಪುಣ್ಯಾತ್ಮ, ಹೇಗೆ ಸರಿಹೋಯಿತು?
ಹೊಳೆ ದಾಟಿದ ಮೇಲೆ
ಸಂಕವನ್ನೂ ಹೆಗಲಿಗೇರಿಸಿಕೊಂಡು ಹೋದವನೇ,
ಬೈಯುವುದಕ್ಕಾದರೂ ಒಂದು ಹೆಸರು ಬೇಡವೇ
ಎಂದು ದೀಪಕ್ಕೆ ಹಿಡಿದೆ.
ಟಿ. ಕುಯಿವಲಾಯ್ನೆನ್. ಹದಿನೆಂಟು ವರ್ಷದ ಹಿಂದಿನ ತಾರೀಖು.
ಎಡಕ್ಕೆ ವಾಲಿದ ಆ ಅಡ್ಡಗೆರೆ
ಲೋಕದಲ್ಲಿ ನನ್ನೊಬ್ಬನದೇ.
ಆ ರೇಡಿಯೊ ಎಂದೋ ಮಾರಿದ್ದೆ, ಇದು ಅದರ ತಮ್ಮ.
ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ.

ಔಲಿಕ್ಕಿಗೆ ತೋರಿಸಲಿಲ್ಲ.
ಅವಳಿಗೆ ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಮತ್ತೆ ನಾಲ್ಕು ರಾತ್ರಿ ಬೇಕಾಯಿತು.
ಎರಡನೆಯ ವಾಲ್ವಿಗೆ ಒಂದು ತಗಡಿನ ಟೊಪ್ಪಿಗೆ,
ಅದರಡಿಯ ತಂತಿ ಚೌಕಟ್ಟನ್ನು ಮುಟ್ಟಿದಂತೆ ಕಾಣುತ್ತಿತ್ತು.
ಮುಟ್ಟಿದ್ದು ಬಣ್ಣವನ್ನು.
ಪ್ಲಗ್ಗು ಕಿತ್ತು, ಉಗುರಿನಿಂದ ಕೆರೆದೆ, ಅಷ್ಟೇ.
ಮತ್ತೆ ಹಾಕಿದಾಗ, ಬೆಚ್ಚಗಾದರೂ, ಏನೂ ಇಲ್ಲ.
ಆಮೇಲೆ ಆ ಏನೂ ಇಲ್ಲದರೊಳಗಿಂದ
ಹೆಂಗಸೊಬ್ಬಳು ನಿಧಾನವಾಗಿ
ಹಡಗುಗಳಿಗೆ ಗಾಳಿಯ ಸುದ್ದಿ ಓದುತ್ತಿದ್ದಳು.

ಗುರುವಾರ ಹೊಸ ಚೀಟಿ ಬರೆದೆ.
ಗುಂಯ್ ಎಂದು ಬರೆದೆ, ಝುಂ ಎಂದೂ.
ದುಂಬಿ ಎಂದೆ. ಹುಮಿನಾ ಎಂದೆ.
ಕೆಪ್ಯಾಸಿಟರ್ ಅಲ್ಲ ಎಂಬುದನ್ನು
ಬೇಕೆಂದೇ ಎರಡು ತಪ್ಪು ಕಾಗುಣಿತದಲ್ಲೂ ಬರೆದೆ.
ಟೊಪ್ಪಿಗೆ, ತಂತಿ, ಬಣ್ಣ, ಉಗುರು.
ಧನ್ಯವಾದಕ್ಕೆ ಜಾಗ ಉಳಿಯಲಿಲ್ಲ.

ಔಲಿಕ್ಕಿ ಮೊಹರು ಒತ್ತಿ ಕೇಳಿದಳು:
"ಯಾವ ಡ್ರಾಯರಿಗೆ? ವಾಲ್ವಿಗೋ, ತಂತಿಗೋ?"
"ಉತ್ತರ ಸಿಕ್ಕ ಕಡೆ ಬೇಡ.
ನಾನು ಹುಡುಕಿದ ಕಡೆ ಇಡು. 'ತೊಂದರೆ'ಯಲ್ಲಿ."

"ಅಲ್ಲಿ ಜಾಗವೆಲ್ಲಿದೆ" ಎಂದು ಗೊಣಗುತ್ತ
ಮೊಣಕೈಯಿಂದ ಒತ್ತಿ
ಒಂದು ಚೀಟಿಯಷ್ಟು ಮಾಡಿದಳು.