ಗಂ / ಹೆ

ಬೆಳಗ್ಗೆ ಐದೂವರೆ. ಸುಮನಹಳ್ಳಿ ಡಿಪೊ.
ಡೀಸೆಲ್ ಹೊಗೆಗೆ ಇನ್ನೂ ನಿದ್ದೆಗಣ್ಣು.
ಕಲೆಕ್ಷನ್ ಎಣಿಸುವ ಮೇಜಿನ ಮೇಲೆ
ನನ್ನ ಸೂಜಿ, ಹತ್ತಿ, ನೇರಳೆ ಮುಚ್ಚಳದ ಕೊಳವೆಗಳು.
ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದೆವು.
ಅರ್ಧ ಜನ ಟೀ ಕುಡಿದೇ ಬಂದಿದ್ದಾರೆ,
ಟೀ ಹೊಟ್ಟೆಯ ಲೆಕ್ಕಕ್ಕೆ ಬರಲ್ಲವಂತೆ.

ಮೊದಲು ತೂಕ.
ತಕ್ಕಡಿ ಹತ್ತಿದವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ,
ಉಸಿರಿಗೂ ಕೆ.ಜಿ. ಇದ್ದಂತೆ.
ಡ್ರೈವರ್ ಮುನಿವೀರಪ್ಪ ಚಪ್ಪಲಿ ಬಿಟ್ಟರು, ಬೆಲ್ಟು ಬಿಚ್ಚಿದರು,
ಕೀಗೊಂಚಲು ನನ್ನ ಕೈಗಿಟ್ಟರು;
ನೂರಾ ಎರಡು ಕದಲಲಿಲ್ಲ.
ಇಪ್ಪತ್ತಮೂರು ವರ್ಷ ಸ್ಟೇರಿಂಗಿಗೆ ಒರಗಿದ ಹೊಟ್ಟೆ,
ಗೊರಗುಂಟೆಪಾಳ್ಯದ ಒಂದೊಂದು ಸಿಗ್ನಲ್ಲಿಗೆ
ಒಂದೊಂದು ಗುಂಜಿ ಬೆಳೆದದ್ದು.

ಆಮೇಲೆ ಆ ಚೌಕ: ಗಂ / ಹೆ.
ಒಂದಕ್ಕೆ ಸುತ್ತು ಹಾಕಬೇಕು.
ರಕ್ತ ಸಾಕೋ ಸಾಲದೋ ಎಂಬ ತೀರ್ಪು ಅದರ ಮೇಲೆ.
ಹನ್ನೆರಡೂವರೆ ಹೆಂಗಸಿಗೆ ಸರಿ,
ಅದೇ ಹನ್ನೆರಡೂವರೆ ಗಂಡಸಿಗೆ ಕೊರತೆ.
ಒಂದೇ ಕೆಂಪು, ಎರಡು ಕೊಳಗ.

ಕಂಡಕ್ಟರ್ ಹೊನ್ನಗಂಗಮ್ಮ ತೋಳು ಚಾಚಿದರು.
ದಪ್ಪ ತೋಳು; ನರ ಎಲ್ಲೋ ಆಳದಲ್ಲಿ,
ಕರೆಂಟು ಹೋದ ಮನೆಯಲ್ಲಿ ಕಡ್ಡಿಪೆಟ್ಟಿಗೆ ಹುಡುಕಿದ ಹಾಗೆ
ಬೆರಳಲ್ಲಿ ತಡವಬೇಕು.
"ಈ ಮೈ ನೋಡಿದ್ರೆ ಗೊತ್ತಾಗಲ್ವೇನಮ್ಮಾ,
ರಕ್ತಕ್ಕೇನು ಬರ ನಂಗೆ?"
ಹಿಂದಿನಿಂದ ಯಾರೋ: "ಎರಡು ಬಾಟ್ಲಿ ತಗೊಳಿ ಮೇಡಂ,
ಬ್ಲಡ್‌ಬ್ಯಾಂಕಿಗೆ ಆಗುತ್ತೆ."
ಸಾಲೆಲ್ಲ ನಕ್ಕಿತು. ಅವರೂ ನಕ್ಕರು.
ನನಗೆ ಆ ಮಾತು ಹಳೆಯದು.
ನನ್ನನ್ನು ನೋಡಲು ಬಂದವರು
ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಅಂದದ್ದೂ
ಹೆಚ್ಚುಕಮ್ಮಿ ಅದೇ.

ಮಧ್ಯಾಹ್ನ, ಮಾಗಡಿ ರಸ್ತೆಯ ಲ್ಯಾಬು.
ಯಂತ್ರ ಒಂದೊಂದು ಕೊಳವೆಯಿಂದ ಒಂದೊಂದು ಗುಟುಕು ಹೀರಿ
ಬಿಳಿ, ಕೆಂಪು ಬೇರೆ ಮಾಡಿ ಎಣಿಸುತ್ತದೆ.
ಅದಕ್ಕೆ ಹೊಟ್ಟೆ ಕಾಣದು, ಸೀರೆ ಕಾಣದು,
ಆದರೂ ಕಾಗದ ಹೊರಬರುವಾಗ
ಎಲ್ಲ ಕಂಡಂತಿರುತ್ತದೆ.

ಮುನಿವೀರಪ್ಪ: ಹಿಮೋಗ್ಲೋಬಿನ್ ಹದಿನಾರು,
ಬಿಳಿ ಕಣ ಹತ್ತು ಸಾವಿರದ ಹೊಸ್ತಿಲಲ್ಲಿ.
ಹೊನ್ನಗಂಗಮ್ಮ: ಒಂಬತ್ತು ಪಾಯಿಂಟ್ ಎಂಟು.
ಬಿಳಿ ಕಣ ಹನ್ನೊಂದು ಸಾವಿರ ದಾಟಿದೆ.
ಡೆಂಗಿ ಬಂದಾಗ ಊರೆಲ್ಲ ಬೇಡುವ ಪ್ಲೇಟ್‌ಲೆಟ್
ಇಲ್ಲಿ ನಾಲ್ಕು ಲಕ್ಷದ ಮೇಲೆ ಬಿದ್ದಿದೆ.
ಜ್ವರವಿಲ್ಲ, ಕೆಮ್ಮಿಲ್ಲ, ಗಾಯವಿಲ್ಲ.
ಯಾರ ಮೇಲೆ ಈ ದಂಡು?

ಮೃಣಾಲಿನಿ ಡಾಕ್ಟರು ಕನ್ನಡಕ ಹಣೆಗೇರಿಸಿದರು.
"ಕೊಬ್ಬು ಅಂದರೆ ಸುಮ್ಮನೆ ಕೂತ ಮೂಟೆ ಅಲ್ಲ ಕಣೇ,
ಬೂದಿ ಮುಚ್ಚಿದ ಕೆಂಡ.
ಬೆಂಕಿ ಕಾಣಲ್ಲ, ಕಾವಲಿನವರಿಗೆ ಮಾತ್ರ
ಹಗಲೂ ರಾತ್ರಿ ಡ್ಯೂಟಿ.
ಆ ಗದ್ದಲಕ್ಕೆ ಹೆದರಿ ಉಗ್ರಾಣದವನು
ಇದ್ದ ಕಬ್ಬಿಣಕ್ಕೂ ಬೀಗ ಜಡಿದುಕೊಳ್ಳುತ್ತಾನೆ.
ಗಂಡಸು ಹೇಗೋ ನಿಭಾಯಿಸ್ತಾನೆ.
ತಿಂಗಳು ತಿಂಗಳು ಚೆಲ್ಲೋಳಿಗೆ..."
ಇನ್ನೊಂದು ಸ್ಲೈಡು ಎತ್ತಿಕೊಂಡರು.
"ಎಲ್ಲರಿಗೂ ಹೀಗೇ ಅಂತಲ್ಲ. ಬರೀಬೇಡ ಎಲ್ಲೂ."

ಎಲ್ಲರೂ ಹೋದ ಮೇಲೆ
ಪಟ್ಟಿಯ ತುದಿ ಹಲ್ಲಲ್ಲಿ ಕಚ್ಚಿ
ನನ್ನ ಎಡಗೈಗೆ ನಾನೇ ಚುಚ್ಚಿಕೊಂಡೆ.
ಯಂತ್ರ ಕೇಳಿತು: ಗಂ / ಹೆ?
ಖಾಲಿ ಬಿಟ್ಟೆ.
ಬರೀ ಅಂಕಿ ಬಂತು. ಪಕ್ಕದಲ್ಲಿ ಬಾಣವಿಲ್ಲ,
ಕಡಿಮೆ ಎಂಬ ದೂರಿಲ್ಲ, ಹೆಚ್ಚು ಎಂಬ ಚಾಡಿಯಿಲ್ಲ.
ಒಂದು ಗಳಿಗೆ ಅದು ಬರೀ ನನ್ನ ರಕ್ತ.
ಆಮೇಲೆ ನಾನೇ ಪೆನ್ನಲ್ಲಿ ಬಾಣ ಹಾಕಿದೆ,
ಒಂದು ಕೆಳಗೆ, ಒಂದು ಮೇಲೆ. ಅಭ್ಯಾಸ.

ಮರುದಿನ ಹೊನ್ನಗಂಗಮ್ಮನ ಬಸ್ಸೇ ಸಿಕ್ಕಿತು.
ಹೆಂಗಸೆಂದು ನನಗೆ ಸೊನ್ನೆ ರೂಪಾಯಿಯ ಟಿಕೆಟು ಹರಿದರು.
ನಾನು ಮಡಿಸಿದ ವರದಿ ಕೊಟ್ಟೆ.
ಓದಲಿಲ್ಲ, ಚಿಲ್ಲರೆಯ ಚೀಲಕ್ಕೆ ತುರುಕಿದರು.
ಕಾಮಾಕ್ಷಿಪಾಳ್ಯ ಬಂತು, ಹೋಯಿತು. ಸೀಟಿ ಊದಿದರು,
ಊದಿ ಕಂಬಿ ಹಿಡಿದು ನಿಂತರು,
ಎದೆ ಮೇಲೆ ಕೆಳಗೆ, ಮೇಲೆ ಕೆಳಗೆ.
ಕಿಟಕಿ ಪಕ್ಕದವಳು ನನ್ನ ಕಿವಿಗೆ ಬಾಗಿ ಅಂದಳು:
"ಪಾಪ, ಮೈ ಹೆಚ್ಚಾಯ್ತು ನೋಡಿ."