ಎಂಟು ಪಾಯಿಂಟು ಎರಡು

ಬ್ಯಾಟರಿ ಮಿಷನ್ನಿನ ಪಟ್ಟಿ ಮುಗಿದು ಹದಿನೈದು ದಿನ.
ಮಡಿಕೇರಿಗೆ ಬರೆದದ್ದಾಯಿತು, ಫೋನೂ ಆಯಿತು.
ಕೊನೆಗೆ ಬೀರುವಿನ ಕೆಳಖಾನೆಯಿಂದ
ಹಳೆಯ ಗಾಜಿನ ನಳಿಗೆ ತೆಗೆದು ತೊಳೆದೆ.
ನಾನು ಕೆಲಸ ಕಲಿತದ್ದೇ ಅದರಲ್ಲಿ.

ಮಾಲ್ದಾರೆಯ ಲೈನ್ ಮನೆಗಳಿಂದ
ಆಶಾ ಅಕ್ಕ ಜೀಪು ಹತ್ತಿಸಿ ತಂದ ಏಳು ಹೆಂಗಸರಲ್ಲಿ
ಕೊನೆಯವಳು ಬೊಳ್ಳಿ.
ಬೊಳ್ಳಿ ಅಂದರೆ ಬೆಳ್ಳಿ. ಕೆಳರೆಪ್ಪೆ ಎಳೆದು ನೋಡಿದರೆ
ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತೇನೋ ಅನ್ನುವಷ್ಟು ಬಿಳುಪು.
ಉಗುರು ಚಮಚದ ಹಾಗೆ ಗುಳಿಬಿದ್ದಿದೆ.
ಬೆರಳ ತುಂಬ ಕಾಫಿಹಣ್ಣಿನ ಅಂಟು,
ಕುಯ್ಯುವಾಗ ಕೆಂಪು, ಒಣಗಿದ ಮೇಲೆ ಕಪ್ಪು.

"ಸುಸ್ತಾ?"
"ಎಲ್ಲರಿಗೂ ಇರುವಷ್ಟೇ."
"ಏರು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಾ?"
"ಮೂಟೆ ಹೊತ್ತರೆ ಯಾರಿಗೆ ಹೊಡೆಯಲ್ಲ?"
"ಮಣ್ಣು ತಿನ್ನಬೇಕು ಅನಿಸುತ್ತಾ?"
ಆಗ ಮಾತ್ರ ತಲೆ ತಗ್ಗಿಸಿದಳು.
ಮೊದಲ ಮಳೆಗೆ ಗೋಡೆ ಘಮ್ಮೆಂದಾಗ
ಒಂದೇ ಒಂದು ಚೂರು ಕೆರೆದು,
ಮಕ್ಕಳಿಗೆ ಕಾಣದ ಹಾಗೆ.
ಗಾಳಿ ಸೋಕಿದೆ ಅಂತ ಅತ್ತೆ ಬೂದಿ ಹಚ್ಚಿದ್ದಾಳಂತೆ.

ಗಾಳಿಯಲ್ಲ ಬೊಳ್ಳಿ, ಕಬ್ಬಿಣ.
ಕತ್ತಿಯಲ್ಲಿ, ಗುದ್ದಲಿಯಲ್ಲಿ ಇರುವುದೇ.
ಒಂದು ಮೊಳೆಯಷ್ಟು ನಮ್ಮ ಮೈಯಲ್ಲೂ ಬೇಕು.
ನೀನು ಎಳೆದ ಉಸಿರನ್ನು ಕಾಲ್ಬೆರಳ ತನಕ
ಹೊತ್ತು ಮುಟ್ಟಿಸುವ ಆಳು ಅದು.
ಆಳು ಸಾಲದೆ ಬಂದರೆ ಕೊಯ್ಲು ಏನಾಗುತ್ತದೆ,
ನಾನು ಹೇಳಬೇಕೇ ನಿನಗೆ?

ಮೂರು ಹೆರಿಗೆ. ತಿಂಗಳು ತಿಂಗಳೂ ಆರಾರು ದಿನ.
ಬರಿಗಾಲಲ್ಲಿ ತೋಟಕ್ಕಿಳಿದಾಗ
ಪಾದದಿಂದಲೇ ಒಳಹೊಕ್ಕ ಕೊಕ್ಕೆಹುಳು.
ತೆಗೆದದ್ದೆಲ್ಲ ತೆಗೆದದ್ದೇ,
ವಾಪಸು ಹಾಕಿದ ಲೆಕ್ಕ ಯಾವ ರೈಟರನ ಪುಸ್ತಕದಲ್ಲೂ ಇಲ್ಲ.

ಸೂಜಿ ಕಂಡು ಕೈ ಹಿಂದಕ್ಕೆಳೆದಳು,
ಹೋದ ವಾರ ಒಂಟಿಸಲಗದ ಎದುರು ಕದಲದೆ ನಿಂತಿದ್ದವಳು.
"ಇಲ್ನೋಡು" ಎಂದು ನನ್ನ ಬೆರಳಿಗೇ ಚುಚ್ಚಿಕೊಂಡೆ.
ನಕ್ಕಳು. ಆಮೇಲೆ ಕೊಟ್ಟಳು.

ಎರಡು ನಳಿಗೆ ಅಕ್ಕಪಕ್ಕ.
ಆಸಿಡ್ಡಿನಲ್ಲಿ ಇಬ್ಬರ ನೆತ್ತರೂ ಕೆಂಪು ಬಿಟ್ಟು
ಕಂದಿಗೆ ತಿರುಗುತ್ತಿದೆ. ಹತ್ತು ನಿಮಿಷ ಕಾಯಬೇಕು.
"ಡಿಕಾಕ್ಷನ್ ಇದ್ದ ಹಾಗಿದೆ" ಅಂದಳು.
ಆ ಮಾತಿಗೇ ಕಾದಿದ್ದೆ:
ಉಂಡ ಕೈ ಒಣಗುವ ಮುಂಚೆ ಬೆಲ್ಲದ ಕಾಫಿ ಕುಡಿಯುತ್ತೀಯಲ್ಲ,
ಅನ್ನದ ಜೊತೆ ಹೋದ ಕಬ್ಬಿಣವನ್ನು
ಅದು ಹೊಟ್ಟೆಯಲ್ಲೇ ಹಿಡಿದು ಕೂರುತ್ತದೆ.
ವರ್ಷವಿಡೀ ನೀನು ಅದನ್ನು ಕುಯ್ದೆ,
ಅದು ನಿನ್ನನ್ನು.
ಕುಡಿ, ಬೇಡ ಅನ್ನಲ್ಲ. ಎರಡು ಗಂಟೆ ಬಿಟ್ಟು ಕುಡಿ.
ಗದ್ದೆಯ ಏಡಿ ಸಿಕ್ಕಿದರೆ ಗಂಡನ ತಟ್ಟೆಗೇ ಎಲ್ಲ ಬಡಿಸಬೇಡ.
ಸೊಪ್ಪಿಗೆ ಕೈಪುಳಿ ಹಿಂಡಿಕೋ.

ಮಾತ್ರೆಯನ್ನು ಮಾತ್ರ ನಂಬಲಿಲ್ಲ.
ಹೋದ ಸಲ ಕೊಟ್ಟದ್ದು ತಿಂದು
ಬೆಳಗ್ಗೆ ಕರಿ ಕರಿ ಹೋಯಿತಂತೆ,
ಹೆದರಿ ಒಲೆಗೆ ಹಾಕಿದಳಂತೆ.
"ಕಕ್ಕಡದಲ್ಲಿ ಮದ್ದುಸೊಪ್ಪಿನ ಪಾಯಸ ತಿಂದರೆ
ಮಾರನೇ ದಿನ ಏನು ನೋಡುತ್ತೀರಿ?"
ಬಾಗಿಲ ಬಳಿಯಿದ್ದ ಆರೂ ಜನ ಕಿಸಕ್ಕೆಂದರು.
ಕೆಂಪಗೆ ಹೋದರೆ ಮದ್ದು ಹಿಡಿಯಿತು ಅಂತ ಅಲ್ಲವಾ?
ಇದೂ ಹಾಗೇ. ಇದಕ್ಕೆ ಕಪ್ಪು ಗುರುತು.
"ಓ" ಅಂದಳು ಬೊಳ್ಳಿ. ಅಷ್ಟೇ.
ಗೋಡೆಗಂಟಿಸಿದ ಪೋಸ್ಟರು ಆರು ವರ್ಷದಲ್ಲಿ
ಅಷ್ಟು ಹೇಳಿಸಿದ್ದನ್ನು ನಾನು ಕಂಡಿಲ್ಲ.

ಹನಿ ಹನಿ ನೀರು ಬಿಟ್ಟು ಕಲಕಿದೆ,
ಪಕ್ಕದ ಗಾಜಿನ ಬಣ್ಣ ಬರುವ ತನಕ.
ಗಟ್ಟಿ ನೆತ್ತರು ತುಂಬ ನೀರು ಕೇಳುತ್ತದೆ.
ಅವಳದು ಬೇಗ ಸಾಕೆಂದಿತು.
ಎಂಟು ಪಾಯಿಂಟು ಎರಡು.

ಚೀಟಿ ಬರೆದು, ಅರವತ್ತು ಮಾತ್ರೆ ಎಣಿಸಿ ಕೊಟ್ಟೆ.
ಅವಳು ಏಳಲಿಲ್ಲ.
ಓದು ಬಾರದಿದ್ದರೂ ತಕ್ಕಡಿಯ ಮುಳ್ಳಿನಲ್ಲಿ
ಮೋಸ ಹಿಡಿದು ಹಿಡಿದು ಪಳಗಿದ ಕಣ್ಣು
ಇನ್ನೊಂದು ನಳಿಗೆಯ ಮೇಲಿತ್ತು.
"ಅದು ನಿಮ್ಮದಲ್ಲವಾ ಮೇಡಂ,
ಅದಕ್ಕೂ ನೀರು ಬಿಡಿ."

ಬಿಟ್ಟೆ.
ಬಗ್ಗಿ ಗೆರೆ ಎಣಿಸಿದಳು, ನನಗಿಂತ ಮೊದಲು.
ಒಂಬತ್ತರಿಂದ ಒಂದು ಗೆರೆ ಮೇಲೆ.
ಬೆಳಗಿನಿಂದ ಮೂರನೇ ಸಲ ಬಗ್ಗಿಸಿದ್ದ ಫ್ಲಾಸ್ಕು
ಮೇಜಿನ ಮೇಲೇ ಇತ್ತು, ಮುಚ್ಚಳ ತೆರೆದೇ.

ಬೊಳ್ಳಿ ಅದನ್ನು ಮುಚ್ಚಿ,
ತಿರುಗಿಸಿ, ಬಿಗಿಮಾಡಿ, ಕಿಟಕಿಯ ಕಡೆಗಿಟ್ಟು
ಜೀಪಿಗೆ ನಡೆದಳು.